ಮೂರು ದಿನದಲ್ಲಿ ಬೋಳಾದ ತಲೆ: ಶೇಗಾಂವದ ಗೋಧಿ ಮತ್ತು ಕೂದಲು ಉದುರುವ ಹಲವು ದಾರಿ

2024ರ ಡಿಸೆಂಬರ್ ಕೊನೆಗೆ ಮಹಾರಾಷ್ಟ್ರದ ಬುಲಢಾಣಾ ಜಿಲ್ಲೆಯ ಶೇಗಾಂವ ತಾಲೂಕಿನ ಹಳ್ಳಿಗಳಲ್ಲಿ ಜನರ ತಲೆಗೂದಲು ಉದುರತೊಡಗಿತು. ಮೊದಲು ನೆತ್ತಿಯಲ್ಲಿ ತುರಿಕೆ, ಆಮೇಲೆ ಕೈ ಹಾಕಿದರೆ ಬೆರಳ ಸಂದಿಗೆ ಗೊಂಚಲು ಗೊಂಚಲಾಗಿ ಕೂದಲು, ಮೂರ್ನಾಲ್ಕು ದಿನ ಕಳೆಯುವಷ್ಟರಲ್ಲಿ ತಲೆ ಪೂರ್ತಿ ಬೋಳು. ಬೋಂಡಗಾಂವ, ಕಾಲವಡ, ಹಿಂಗಣಾ ಎಂದು ಶುರುವಾದದ್ದು 18 ಹಳ್ಳಿಗಳಿಗೆ ಹಬ್ಬಿ, 279 ಜನರ ಲೆಕ್ಕ ಸಿಕ್ಕಿತು. ಅದರಲ್ಲಿ ಸಣ್ಣ ಮಕ್ಕಳಿದ್ದರು, ಮುದುಕರಿದ್ದರು, ಕಾಲೇಜಿಗೆ ಹೋಗುವ ಹುಡುಗಿಯರಿದ್ದರು. ಮರಾಠಿ ವಾಹಿನಿಗಳು ಇದಕ್ಕೆ ‘ಟಕ್ಕಲ್ ವೈರಸ್’, ಅಂದರೆ ಬೋಳುತಲೆ ವೈರಸ್ ಎಂದು ಹೆಸರಿಟ್ಟವು. ವೈರಸ್ಸಿನ ಸುಳಿವೇ ಇರಲಿಲ್ಲ, ಆದರೂ ಹೆಸರು ಉಳಿದುಬಿಟ್ಟಿತು.

ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಮಂಗಳವೇಢೆ, ಜತ್ತದ ಕನ್ನಡಿಗರಿಗೆ ಶೇಗಾಂವ ಪರಊರಲ್ಲ. ಸಂತ ಗಜಾನನ ಮಹಾರಾಜರ ಪಾಲಖಿ ಪ್ರತಿ ವರ್ಷ ಆಷಾಢ ಏಕಾದಶಿಗೆಂದು ಅಲ್ಲಿಂದ ಹೊರಟು ಸೋಲಾಪುರ, ಮಂಗಳವೇಢೆ ದಾಟಿಯೇ ಪಂಢರಪುರ ಸೇರುತ್ತದೆ. ಅದಕ್ಕಿಂತ ಹತ್ತಿರದ ನಂಟು ರೇಶನ್ ಅಂಗಡಿಯದು. ಶೇಗಾಂವದ ಬಡವರಿಗೆ ಗೋಧಿ ಕೊಡುವ ವ್ಯವಸ್ಥೆಯೇ ಜತ್ತದ ಬಡವರಿಗೂ ಕೊಡುತ್ತದೆ. ಹಾಗಾಗಿ ಸುದ್ದಿಯಲ್ಲಿ ‘ರೇಶನ್ ಗೋಧಿ’ ಎಂಬ ಮಾತು ಬಂದಾಗ ಗಡಿಯ ಈ ಊರುಗಳಲ್ಲಿ ಎರಡು ಪ್ರಶ್ನೆ ಏಳುವುದು ಸಹಜ. ಈ ಗೋಧಿ ತಿನ್ನಬಹುದೇ? ನಮ್ಮ ಮನೆಯಲ್ಲಿ ಈಗ ಉದುರುತ್ತಿರುವ ಕೂದಲಿಗೂ ಇದೇ ಕಾರಣವೇ?

ಎರಡಕ್ಕೂ ಉತ್ತರ ಸಿಗಬೇಕಾದರೆ ಕೂದಲು ಉದುರುವುದನ್ನು ಒಂದೇ ಕಾಯಿಲೆ ಎಂದು ನೋಡುವುದನ್ನು ಬಿಡಬೇಕು. ಎಷ್ಟು ದಿನದಲ್ಲಿ ಉದುರಿತು, ತಲೆಯ ಯಾವ ಭಾಗದಲ್ಲಿ ಉದುರಿತು, ಉದುರಿದ ಜಾಗದ ಚರ್ಮ ಈಗ ಹೇಗಿದೆ ಎಂಬ ಮೂರು ಸಂಗತಿ ನೋಡಿದರೆ ಕಾರಣ ಬಹುಮಟ್ಟಿಗೆ ಗೊತ್ತಾಗುತ್ತದೆ. ಔಷಧ ತೀರ್ಮಾನವಾಗುವುದು ಆಮೇಲೆ.

ಕೂದಲಿನ ಕಾಲಮಾನ

ತಲೆಯ ಮೇಲೆ ಸುಮಾರು 1 ಲಕ್ಷ ಕೂದಲಿರುತ್ತವೆ. ನೂರರಲ್ಲಿ 85ರಿಂದ 90 ಕೂದಲು ಯಾವಾಗಲೂ ಬೆಳೆಯುವ ಹಂತದಲ್ಲಿರುತ್ತವೆ. ಒಂದೊಂದು ಕೂದಲೂ 2ರಿಂದ 6 ವರ್ಷ, ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರಿನಂತೆ ಬೆಳೆಯುತ್ತದೆ. ಆಮೇಲೆ ಎರಡು ಮೂರು ವಾರದಲ್ಲಿ ಬೇರು ಸೊರಗುತ್ತದೆ. ಬಳಿಕ ಎರಡು ಮೂರು ತಿಂಗಳು ಸುಮ್ಮನೆ ಕೂತಿದ್ದು, ಹೊಸ ಕೂದಲು ಕೆಳಗಿನಿಂದ ನೂಕಿದಾಗ ಬಿದ್ದುಹೋಗುತ್ತದೆ. ದಿನಕ್ಕೆ 50ರಿಂದ 100 ಕೂದಲು ಹೀಗೆ ಬೀಳುವುದು ರೋಗವಲ್ಲ. ಎರಡು ದಿನಕ್ಕೊಮ್ಮೆ ತಲೆಗೆ ನೀರು ಹಾಕಿಕೊಳ್ಳುವವರ ಬಚ್ಚಲಲ್ಲಿ ಒಮ್ಮೆಲೇ ಹೆಚ್ಚು ಕಾಣುತ್ತದೆ, ಅಷ್ಟೇ.

ಈ ಲೆಕ್ಕದಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಮೂರು ದಿನದಲ್ಲಿ ತಲೆ ಬೋಳಾಗಬೇಕಾದರೆ ವಿಶ್ರಾಂತಿಯಲ್ಲಿರುವ ಹತ್ತು ಹದಿನೈದು ಪಾಲು ಕೂದಲು ಬಿದ್ದರೆ ಸಾಲದು. ಬೆಳೆಯುತ್ತಿರುವ ಕೂದಲಿನ ಬೇರಿಗೇ ಪೆಟ್ಟು ಬಿದ್ದಿರಬೇಕು. ಬೇರಿನಲ್ಲಿರುವ ಕೋಶಗಳು ದೇಹದಲ್ಲೇ ಅತಿ ವೇಗವಾಗಿ ಹೆಚ್ಚುವ ಕೋಶಗಳ ಸಾಲಿಗೆ ಸೇರಿದವು. ಆದ್ದರಿಂದ ರಕ್ತಕ್ಕೆ ವಿಷ ಬಂದರೆ ಪೆಟ್ಟು ತಿನ್ನುವುದರಲ್ಲಿ ಅವೇ ಮೊದಲು. ಕ್ಯಾನ್ಸರಿಗೆ ಕೀಮೋ ತೆಗೆದುಕೊಂಡವರ ಕೂದಲು ಒಂದರಿಂದ ಮೂರು ವಾರದಲ್ಲಿ ಹೋಗುವುದಕ್ಕೂ ಇದೇ ಕಾರಣ. ಥಾಲಿಯಂ, ಆರ್ಸೆನಿಕ್ ಎಂಬ ವಿಷಗಳು ಕೂಡ ಹೀಗೆಯೇ ಕೆಲಸ ಮಾಡುತ್ತವೆ. ಮೈಗೆ ಅತ್ಯಲ್ಪ ಮಾತ್ರ ಬೇಕಾದ ಸೆಲೆನಿಯಂ ಎಂಬ ಖನಿಜ ಅತಿಯಾದರೂ ಹಾಗೆಯೇ.

ನೀರು, ಬೂಸ್ಟು, ಗೋಧಿ: ಮೂರು ವಾದ

ಶೇಗಾಂವದಲ್ಲಿ ಮೊದಲ ಅನುಮಾನ ನೀರಿನ ಮೇಲೆ ಹೋಯಿತು. ಅಲ್ಲಿನ ನೀರು ಸವಳು. ಪರೀಕ್ಷೆಯಲ್ಲಿ ನೈಟ್ರೇಟ್ ಮತ್ತು ಕರಗಿದ ಲವಣ ಹೆಚ್ಚಿರುವುದು ಕಂಡಿತು. ಜತ್ತ, ಮಂಗಳವೇಢೆಯ ಒಣ ಊರುಗಳಲ್ಲೂ ಬೋರಿನ ಸವಳು ನೀರನ್ನೇ ಕೂದಲಿಗೆ ವೈರಿ ಎಂದು ನಂಬುವವರು ಬಹಳ. ಗಡಸು ನೀರಿನಿಂದ ಕೂದಲು ಒರಟಾಗುತ್ತದೆ, ಸಿಕ್ಕುಗಟ್ಟುತ್ತದೆ, ಸೋಪಿನ ನೊರೆ ಬರುವುದಿಲ್ಲ, ಎಳೆ ತುಂಡಾಗಬಹುದು. ಅದು ಬೇರನ್ನು ಕಿತ್ತು ಮೂರು ದಿನದಲ್ಲಿ ತಲೆ ಬೋಳು ಮಾಡಲಾರದು. ಅದೇ ನೀರು ಎಷ್ಟೋ ವರ್ಷದಿಂದ ಅಲ್ಲೇ ಇತ್ತಲ್ಲ.

ಎರಡನೆಯ ಅನುಮಾನ ಬೂಸ್ಟಿನ ಸೋಂಕು, ಅಂದರೆ ಫಂಗಸ್. ತುರಿಕೆ ಇದ್ದುದರಿಂದ ಈ ಅನುಮಾನಕ್ಕೆ ಆಧಾರವಿತ್ತು. ಆದರೆ ತಲೆಯ ಫಂಗಸ್ ಹೆಚ್ಚಾಗಿ ಮಕ್ಕಳ ರೋಗ. ಅದು ನಿಧಾನಕ್ಕೆ ಒಂದೊಂದು ತೇಪೆಯಾಗಿ ಬೆಳೆಯುತ್ತದೆ. ಎಳೆಯ ಮಗುವಿಗೂ ಎಪ್ಪತ್ತು ದಾಟಿದವರಿಗೂ ಒಂದೇ ವಾರ ಒಂದೇ ರೀತಿ ಆಗುವ ಗುಣ ಅದಕ್ಕಿಲ್ಲ.

ಮೂರನೆಯ ವಿವರಣೆ ಕೊಟ್ಟವರು ರಾಯಗಡ ಜಿಲ್ಲೆಯ ಮಹಾಡದ ಡಾ. ಹಿಮ್ಮತರಾವ್ ಬಾವಸ್ಕರ್. ಚೇಳಿನ ಕಡಿತದ ಚಿಕಿತ್ಸೆಗೆ ಹೆಸರಾದವರು, ಪದ್ಮಶ್ರೀ ಪಡೆದವರು. ಅವರು ಆ ಹಳ್ಳಿಗಳಿಗೆ ಹೋಗಿ, ಜನರ ರಕ್ತ, ಮೂತ್ರ, ಕೂದಲು ಮತ್ತು ಮನೆಯಲ್ಲಿದ್ದ ರೇಶನ್ ಗೋಧಿ ತಂದು ಪರೀಕ್ಷೆ ಮಾಡಿಸಿದರು. ತೊಳೆಯದ ಗೋಧಿಯಲ್ಲಿ ಕಿಲೋಗೆ 14.52 ಮಿಲಿಗ್ರಾಂ, ತೊಳೆದದ್ದರಲ್ಲಿ 13.61 ಮಿಲಿಗ್ರಾಂ ಸೆಲೆನಿಯಂ ಸಿಕ್ಕಿತು. ರೋಗಿಗಳಲ್ಲಿ ಅದು ಸಾಮಾನ್ಯಕ್ಕಿಂತ ರಕ್ತದಲ್ಲಿ 35 ಪಟ್ಟು, ಮೂತ್ರದಲ್ಲಿ 60 ಪಟ್ಟು, ಕೂದಲಲ್ಲಿ 150 ಪಟ್ಟು ಹೆಚ್ಚಳ ಕಂಡಿತು ಎಂದು 2025ರ ಫೆಬ್ರವರಿಯಲ್ಲಿ ಅವರು ಹೇಳಿದರು. ಸತುವಿನ ಅಂಶ ಕಡಿಮೆಯಾಗಿತ್ತು. ಚೀಲಗಳ ಮೇಲಿನ ಬರಹ ಗೋಧಿ ಪಂಜಾಬಿನಿಂದ ಬಂದದ್ದೆಂದು ತೋರಿಸುತ್ತಿತ್ತು.

ತೊಳೆದರೂ ಪ್ರಮಾಣ ಹೆಚ್ಚೇನೂ ಇಳಿಯದ್ದನ್ನು ಗಮನಿಸಬೇಕು. ಧೂಳಿನಿಂದಲೋ ಸಿಂಪಡಿಸಿದ ಔಷಧದಿಂದಲೋ ಬಂದ ವಿಷವಾಗಿದ್ದರೆ ನೀರಿನೊಂದಿಗೆ ಅರ್ಧದಷ್ಟಾದರೂ ಹೋಗಬೇಕಿತ್ತು. ಹೋಗಲಿಲ್ಲವೆಂದರೆ ಅದು ಬೇರಿನ ಮೂಲಕ ಮಣ್ಣಿನಿಂದ ಕಾಳಿನೊಳಗೆ ಸೇರಿದೆ ಎಂದರ್ಥ. ಹಿಟ್ಟು ಬೀಸಿ ಚಪಾತಿ ಬೇಯಿಸಿದರೂ ಅದು ಅಲ್ಲೇ ಇರುತ್ತದೆ.

ಲೆಕ್ಕ ಹಾಕಿ ನೋಡಿ

ವಯಸ್ಕರಿಗೆ ದಿನಕ್ಕೆ 40ರಿಂದ 55 ಮೈಕ್ರೋಗ್ರಾಂ ಸೆಲೆನಿಯಂ ಸಾಕು. 400 ದಾಟಬಾರದು ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಮಿತಿ. ಆಹಾರ ಭದ್ರತಾ ಕಾಯ್ದೆಯಲ್ಲಿ ಒಬ್ಬರಿಗೆ ತಿಂಗಳಿಗೆ 5 ಕಿಲೋ ಧಾನ್ಯ. ಅದರಲ್ಲಿ 3 ಕಿಲೋ ಗೋಧಿ ಎಂದಿಟ್ಟುಕೊಳ್ಳೋಣ. ದಿನಕ್ಕೆ 100 ಗ್ರಾಂ ಆಯಿತು. ಮೇಲಿನ ಗೋಧಿಯಲ್ಲಿ ಅಷ್ಟಕ್ಕೆ ಸುಮಾರು 1,450 ಮೈಕ್ರೋಗ್ರಾಂ ಸೆಲೆನಿಯಂ. ಮಿತಿಯ ಮೂರೂವರೆ ಪಟ್ಟು! ದಿನಕ್ಕೆ 400 ಗ್ರಾಂ ಗೋಧಿ ತಿನ್ನುವ ದುಡಿಯುವ ಮೈಗೆ ಹದಿನಾಲ್ಕು ಪಟ್ಟು.

ಇಂಥ ಪ್ರಮಾಣ ಏನು ಮಾಡುತ್ತದೆ ಎಂಬುದಕ್ಕೆ ಹಳೆಯ ಸಾಕ್ಷಿಗಳಿವೆ. ಚೀನಾದ ಹುಬೈ ಪ್ರಾಂತ್ಯದ ಎನ್‌ಶಿಯಲ್ಲಿ 1961ರಿಂದ 1964ರ ನಡುವೆ ಬರ ಬಿದ್ದು ಭತ್ತ ಕೈಕೊಟ್ಟಿತು. ಸೆಲೆನಿಯಂ ತುಂಬಿದ ನೆಲದಲ್ಲಿ ಬೆಳೆದ ಮೆಕ್ಕೆಜೋಳ, ಸೊಪ್ಪು ತಿಂದ ಜನರ ಕೂದಲು, ಉಗುರು ಉದುರಿದವು. ಹೆಚ್ಚು ಬಾಧೆಗೊಳಗಾದ ಐದು ಹಳ್ಳಿಗಳ 248 ಜನರಲ್ಲಿ ಅರ್ಧದಷ್ಟು ಮಂದಿ ರೋಗಿಗಳಾದರು. ಅಮೆರಿಕದಲ್ಲಿ 2008ರಲ್ಲಿ ಒಂದು ಪೌಷ್ಟಿಕ ದ್ರವವನ್ನು ತಯಾರಿಸುವಾಗ ಆದ ತಪ್ಪಿನಿಂದ ಅದರಲ್ಲಿ ಸೆಲೆನಿಯಂ 200 ಪಟ್ಟು ಸೇರಿತು. 201 ಜನ ಅಸ್ವಸ್ಥರಾದರು, ಅವರಲ್ಲಿ ಬಹುಪಾಲು ಜನರ ಕೂದಲು ಹೋಯಿತು.

ಏಕೆ ಕೂದಲೇ? ಕೂದಲಿಗೂ ಉಗುರಿಗೂ ಗಟ್ಟಿತನ ಬರುವುದು ಕೆರಾಟಿನ್ ಎಂಬ ಪ್ರೋಟೀನಿನಿಂದ, ಅದರೊಳಗಿನ ಗಂಧಕದ ಕೊಂಡಿಗಳಿಂದ. ಸೆಲೆನಿಯಂ ರಾಸಾಯನಿಕವಾಗಿ ಗಂಧಕದ ದಾಯಾದಿ. ಹೆಚ್ಚಾದಾಗ ಗಂಧಕದ ಜಾಗದಲ್ಲಿ ತಾನೇ ಕೂರುತ್ತದೆ, ಕೊಂಡಿ ಸಡಿಲಾಗುತ್ತದೆ.

2025ರ ಏಪ್ರಿಲ್‌ನಲ್ಲಿ ಅದೇ ಹಳ್ಳಿಗಳಿಂದ ಇನ್ನೊಂದು ಸುದ್ದಿ ಬಂತು. ಕೂದಲು ಹೋದವರಲ್ಲಿ ಹಲವರ ಉಗುರು ಬಣ್ಣಗೆಟ್ಟು, ಸೀಳಿ, ಕಳಚಿ ಬೀಳತೊಡಗಿತ್ತು. ಹೊಸ ರೋಗವೆಂದು ಜನ ಮತ್ತೆ ಹೆದರಿದರು. ಅದು ಬಹುಶಃ ಹಳೆಯ ಪೆಟ್ಟಿನದೇ ಗುರುತು. ಕೈಬೆರಳಿನ ಉಗುರು ತಿಂಗಳಿಗೆ ಬೆಳೆಯುವುದು ಸುಮಾರು 3 ಮಿಲಿಮೀಟರ್ ಮಾತ್ರ. ಡಿಸೆಂಬರ್ ಹೊತ್ತಿಗೆ ಉಗುರಿನ ಬುಡದಲ್ಲಿ ಆದ ದೋಷ ಕಣ್ಣಿಗೆ ಬೀಳುವಷ್ಟು ಮುಂದೆ ಬರಲು ಮೂರ್ನಾಲ್ಕು ತಿಂಗಳು ಬೇಕೇ ಬೇಕು. ನನ್ನ ದೃಷ್ಟಿಯಲ್ಲಿ ಸೆಲೆನಿಯಂ ವಾದಕ್ಕೆ ಪ್ರಯೋಗಾಲಯದ ಅಂಕಿಗಳಷ್ಟೇ ತೂಕದ ಸಾಕ್ಷಿ ಈ ಉಗುರು.

ಒಪ್ಪದವರ ಮಾತು

ಈ ವಿವರಣೆಯನ್ನು ಸರ್ಕಾರ ಕೂಡಲೇ ಒಪ್ಪಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ತಂಡವೂ ಬಂದು ಮಾದರಿಗಳನ್ನು ಒಯ್ದಿತು. ಆಕ್ಷೇಪಗಳಲ್ಲಿ ಹುರುಳಿಲ್ಲದೆ ಇಲ್ಲ: ಒಬ್ಬ ವೈದ್ಯರು ತಂದ ಕೆಲವೇ ಮಾದರಿ ಸಾಕೇ? ಪಂಜಾಬಿನ ಗೋಧಿ ದೇಶಕ್ಕೆಲ್ಲ ಹೋಗುತ್ತದೆ, ಕೂದಲು ಉದುರಿದ್ದು ಒಂದೇ ಭಾಗದ ಹಳ್ಳಿಗಳಲ್ಲಿ ಏಕೆ? ಒಂದೇ ಮನೆಯಲ್ಲಿ ಇಬ್ಬರಿಗೆ ಆಗಿ ಮೂರನೆಯವರಿಗೆ ಆಗದಿರುವುದೇಕೆ?

ಎರಡನೆಯ ಪ್ರಶ್ನೆಗೆ ಉತ್ತರ ಭೂಗೋಳದಲ್ಲಿದೆ. ಪಂಜಾಬೆಲ್ಲ ಸೆಲೆನಿಯಂ ನೆಲವಲ್ಲ. ಶಿವಾಲಿಕ ಬೆಟ್ಟದ ಕೆಳಗಿನ ಹೋಶಿಯಾರಪುರ ಮತ್ತು ನವಾಂಶಹರ (ಈಗಿನ ಶಹೀದ್ ಭಗತ್ ಸಿಂಗ್ ನಗರ) ಜಿಲ್ಲೆಗಳ ಕೆಲವು ತುಣುಕುಗಳಲ್ಲಿ ಮಾತ್ರ ಮಣ್ಣಿನಲ್ಲಿ ಅದು ಹೆಚ್ಚು. ಅಲ್ಲಿ ದನ ಎಮ್ಮೆಗಳ ಗೊರಸು ಸೀಳಿ ಕೂದಲು ಉದುರಿದ್ದನ್ನು ಕೃಷಿ ವಿಜ್ಞಾನಿಗಳು ದಶಕಗಳ ಹಿಂದೆಯೇ ದಾಖಲಿಸಿದ್ದಾರೆ. ಸಾಮಾನ್ಯವಾಗಿ ಅಲ್ಲಿನ ಗೋಧಿ ಬೇರೆ ಕಡೆಯ ಗೋಧಿಯಲ್ಲಿ ಬೆರೆತು ತೆಳುವಾಗುತ್ತದೆ. ಬೆರೆಯದೆ ಒಂದೇ ಕಡೆಯ ಚೀಲಗಳು ಒಂದೇ ಗೋದಾಮು ಸೇರಿದರೆ ಆ ಗೋದಾಮಿನ ವ್ಯಾಪ್ತಿಯ ಹಳ್ಳಿಗಳಿಗಷ್ಟೇ ಪೂರ್ತಿ ಪೆಟ್ಟು ಬೀಳುತ್ತದೆ. ಇದು ಊಹೆ, ಆದರೆ ಒಂದೇ ಭಾಗಕ್ಕೆ ಸೀಮಿತವಾದದ್ದಕ್ಕೂ, ವಾರಗಳು ಕಳೆದಂತೆ ಹಲವರ ತಲೆಯಲ್ಲಿ ಕೂದಲು ತಾನಾಗಿ ಚಿಗುರಿದ್ದಕ್ಕೂ ಹೊಂದುತ್ತದೆ. ಮನೆಯವರಲ್ಲಿ ವ್ಯತ್ಯಾಸವಾಗಿದ್ದು ತಿಂದ ಪ್ರಮಾಣ, ಮೈತೂಕ, ಸತುವಿನ ಕೊರತೆಯಿಂದ ಇರಬಹುದು.

ಇಲ್ಲಿ ನೋವಾಗುವ ಸಂಗತಿ ಇನ್ನೊಂದಿದೆ. ಹೊಲದ ಬಿಳಿಜೋಳ, ಸಂತೆಯ ಗೋಧಿ, ರೇಶನ್ ಅಕ್ಕಿ ಎಲ್ಲ ತಿನ್ನುವ ಮನೆಗೆ ವಿಷ ಹಂಚಿಹೋಗುತ್ತದೆ. ರೇಶನ್ ಚೀಲವೊಂದೇ ಗತಿಯಾದ ಮನೆಗೆ ಅದು ಇಡಿಯಾಗಿ ಬರುತ್ತದೆ. ಕೂದಲು ಹೋದ ಹುಡುಗಿಯರು ಕಾಲೇಜು ಬಿಟ್ಟದ್ದು, ಮದುವೆ ಮಾತು ಮುರಿದದ್ದು ಇಂಥ ಮನೆಗಳಲ್ಲೇ.

ಹಾಗಾದರೆ ನಮ್ಮ ಮನೆಯ ಕೂದಲು?

ಗಡಿನಾಡಿನ ಮನೆಗಳಲ್ಲಿ ಈಗ ಉದುರುತ್ತಿರುವ ಕೂದಲಿಗೆ ಬಹುತೇಕ ಸಲ ಕಾರಣ ಸೆಲೆನಿಯಂ ಆಗಿರಲಾರದು. ಕಾಲದ ಲೆಕ್ಕವೇ ಅದನ್ನು ಹೇಳುತ್ತದೆ.

ತಲೆತುಂಬ ಸಮನಾಗಿ ಕೂದಲು ತೆಳುವಾಗಿ, ಬಾಚಿದಾಗೆಲ್ಲ ಕೈತುಂಬ ಬರುತ್ತಿದ್ದರೆ ಎರಡು ಮೂರು ತಿಂಗಳ ಹಿಂದೆ ಏನಾಯಿತು ಎಂದು ನೆನಪಿಸಿಕೊಳ್ಳಬೇಕು. ಡೆಂಗಿ, ಟೈಫಾಯ್ಡ್, ಕೋವಿಡ್, ಆಪರೇಷನ್, ದಿಢೀರ್ ತೂಕ ಇಳಿಕೆ, ದೊಡ್ಡ ದುಃಖ, ಹೆರಿಗೆ, ಇವೆಲ್ಲ ಒಮ್ಮೆಲೇ ಬಹಳ ಕೂದಲನ್ನು ವಿಶ್ರಾಂತಿಯ ಹಂತಕ್ಕೆ ತಳ್ಳುತ್ತವೆ. ಬೀಳುವುದು ಆ ಹಂತ ಮುಗಿದ ಮೇಲೆ. ಮಗು ಮುಖ ಗುರುತಿಸಿ ನಗತೊಡಗಿದಾಗ ಬಾಣಂತಿಯ ಕೂದಲು ಉದುರುತ್ತದೆ ಎಂಬ ಮಾತು ಮನೆಗಳಲ್ಲಿದೆ. ಮಗು ನಗುವುದೂ ಎರಡು ಮೂರು ತಿಂಗಳಿಗೆ, ಕೂದಲು ಬೀಳುವುದೂ ಅದೇ ಹೊತ್ತಿಗೆ. ಹಿರಿಯ ಹೆಂಗಸರು ಗಮನಿಸಿದ್ದು ಸರಿ, ಕಾರಣ ಮಗುವಿನ ನಗುವಲ್ಲ, ಹೆರಿಗೆ. ಈ ಬಗೆಯ ಉದುರುವಿಕೆ ಮೂರರಿಂದ ಆರು ತಿಂಗಳಲ್ಲಿ ತಾನಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ಸಂಗ್ರಹದ ಅಳತೆ), ಥೈರಾಯ್ಡ್ ನೋಡಿಸಬೇಕು. ದುಬಾರಿ ಎಣ್ಣೆ ಹಚ್ಚಿದವರ ಕೂದಲು ಬಂದಿತೆಂಬ ನಂಬಿಕೆ ಬಹುತೇಕ ಹುಟ್ಟುವುದು ಇಲ್ಲೇ. ಹಚ್ಚದಿದ್ದರೂ ಬರುತ್ತಿತ್ತು.

ಹಣೆಯ ಎರಡು ಮೂಲೆ ಹಿಂದೆ ಸರಿಯುತ್ತ, ನೆತ್ತಿ ಬಯಲಾಗುತ್ತ ವರ್ಷಗಟ್ಟಲೆ ನಡೆಯುವುದು ವಂಶದ ಬಕ್ಕತಲೆ. ಹೆಂಗಸರಲ್ಲಿ ಹಣೆಯಂಚು ಹಾಗೇ ಇದ್ದು ಬೈತಲೆ ಅಗಲವಾಗುತ್ತದೆ. ಗಂಡು ಹಾರ್ಮೋನಿನಿಂದ ತಯಾರಾಗುವ ಡಿಎಚ್‌ಟಿ ಬೇರನ್ನು ವರ್ಷದಿಂದ ವರ್ಷಕ್ಕೆ ಕುಗ್ಗಿಸುತ್ತದೆ. ಇದಕ್ಕೆ ಪುರಾವೆ ಇರುವ ಮದ್ದು ಮುಖ್ಯವಾಗಿ ಎರಡು. ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ಅದನ್ನು ನುಂಗಿದವರ ಮೈಮೇಲೆ ಕೂದಲು ಬೆಳೆದದ್ದನ್ನು ಕಂಡು ತಲೆಗೆ ಹಚ್ಚುವ ದ್ರವವಾಯಿತು, 1988ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹಚ್ಚಲು ಶುರು ಮಾಡಿದ ಮೊದಲ ವಾರಗಳಲ್ಲಿ ಕೂದಲು ಇನ್ನೂ ಹೆಚ್ಚು ಉದುರಬಹುದು. ಹೆದರಿ ಬಿಡುವವರು ಬಹಳ, ಆದರೆ ಅದು ಹಳೆಯ ಕೂದಲನ್ನು ಹೊಸದು ನೂಕುವ ಲಕ್ಷಣ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು, ಬಿಟ್ಟರೆ ಗಳಿಸಿದ್ದೂ ಹೋಗುತ್ತದೆ.

ಎರಡನೆಯದು ಫಿನಾಸ್ಟೆರೈಡ್ 1 ಮಿಲಿಗ್ರಾಂ ಮಾತ್ರೆ, 1997ರಿಂದ ಬಳಕೆಯಲ್ಲಿದೆ. ಡಿಎಚ್‌ಟಿ ತಯಾರಾಗುವುದನ್ನೇ ತಗ್ಗಿಸುತ್ತದೆ. ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗುತ್ತದೆ, ಮನಸ್ಸು ಮಂಕಾಗುತ್ತದೆ. 2025ರ ಮೇ ತಿಂಗಳಲ್ಲಿ ಯುರೋಪಿನ ಔಷಧ ಸಂಸ್ಥೆ ಆತ್ಮಹತ್ಯೆಯ ಯೋಚನೆಯನ್ನೂ ಇದರ ಅಡ್ಡಪರಿಣಾಮವೆಂದು ದೃಢಪಡಿಸಿತು. ಗರ್ಭಿಣಿಯರು ಒಡೆದ ಮಾತ್ರೆಯನ್ನು ಮುಟ್ಟಲೂಬಾರದು. ಔಷಧಿ ಅಂಗಡಿಯವರನ್ನು ಕೇಳಿ ನುಂಗುವ ಮಾತ್ರೆ ಇದಲ್ಲ.

‘ಹುಳ ತಿಂದದ್ದು’ ಎರಡು ಬೇರೆ ರೋಗ

ನಾಣ್ಯದಗಲ ಒಂದು ಕಡೆ ಕೂದಲು ಹೋದರೆ ಕನ್ನಡದ ಮನೆಗಳಲ್ಲಿ ಹುಳ ತಿಂದಿದೆ ಅನ್ನುತ್ತಾರೆ, ಮರಾಠಿಯಲ್ಲಿ ಚಾಯಿ. ಈ ಒಂದು ಮಾತಿನೊಳಗೆ ಎರಡು ರೋಗ ಅಡಗಿವೆ, ಎರಡರ ಔಷಧವೂ ಬೇರೆ. ಚರ್ಮ ನುಣುಪಾಗಿ, ಹೊಟ್ಟಿಲ್ಲದೆ, ತುರಿಕೆಯಿಲ್ಲದೆ ಗುಂಡಗೆ ಬೋಳಾಗಿದ್ದರೆ ಅದು ಅಲೋಪೇಶಿಯಾ ಏರಿಯೇಟಾ. ದೇಹದ ರಕ್ಷಣಾ ಪಡೆ ತನ್ನದೇ ಕೂದಲಬೇರಿನ ಮೇಲೆ ಬೀಳುವ ರೋಗ. ಅಂಟುವುದಿಲ್ಲ. ಸಣ್ಣ ತೇಪೆ ಎಷ್ಟೋ ಸಲ ತಾನೇ ತುಂಬುತ್ತದೆ, ಇಲ್ಲವಾದರೆ ಆ ಜಾಗಕ್ಕೇ ಸ್ಟೀರಾಯ್ಡ್ ಇಂಜೆಕ್ಷನ್. ತಲೆಯೆಲ್ಲ ಹೋದವರಿಗೆ 2022ರಲ್ಲಿ ಬಾರಿಸಿಟಿನಿಬ್, 2023ರಲ್ಲಿ ರಿಟ್ಲೆಸಿಟಿನಿಬ್ ಎಂಬ ಮಾತ್ರೆಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಇವು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಕೊಡುವ ಮುನ್ನ ಕ್ಷಯವಿದೆಯೇ ಎಂದು ನೋಡಲೇಬೇಕು.

ಮಗುವಿನ ತಲೆಯಲ್ಲಿ ಹೊಟ್ಟು, ತುರಿಕೆ, ಬುಡದಲ್ಲೇ ಮುರಿದ ಕಪ್ಪು ಚುಕ್ಕಿ ಕಂಡರೆ ಅದು ಫಂಗಸ್. ಅಂಟುತ್ತದೆ, ಬಾಚಣಿಗೆಯಿಂದಲೂ ಟೋಪಿಯಿಂದಲೂ. ಮೇಲೆ ಹಚ್ಚುವ ಮುಲಾಮು ಬೇರಿನಾಳಕ್ಕೆ ಇಳಿಯದ ಕಾರಣ ವಾರಗಟ್ಟಲೆ ಮಾತ್ರೆ ನುಂಗಿಸಬೇಕು. ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ಇದು ಇನ್ನಷ್ಟು ಹಬ್ಬುತ್ತದೆ. ಮೊದಲ ರೋಗಕ್ಕೆ ಮದ್ದಾದದ್ದು ಎರಡನೆಯದಕ್ಕೆ ಗೊಬ್ಬರ.

ಕೂದಲು ಹೋದ ಜಾಗ ಮಿರಿಮಿರಿ ಹೊಳೆಯುತ್ತ, ರಂಧ್ರಗಳೇ ಕಾಣದಂತಾಗಿದ್ದರೆ ಬೇರು ಸತ್ತು ಕಲೆಗಟ್ಟಿದೆ. ಲೂಪಸ್, ಲೈಕನ್ ಪ್ಲಾನಸ್ ಮುಂತಾದ ರೋಗಗಳಿಂದ ಹೀಗಾಗುತ್ತದೆ. ಹೋದದ್ದು ಬಾರದು, ಉಳಿದದ್ದನ್ನು ಕಾಯಬಹುದು. ಉರಿ, ನೋವು ಇದ್ದರಂತೂ ತಿಂಗಳು ಕಾಯದೆ ಚರ್ಮರೋಗ ವೈದ್ಯರ ಹತ್ತಿರ ಹೋಗಬೇಕು. ಅಕ್ಕಲಕೋಟೆಯವರಿಗೆ ಸೋಲಾಪುರದ ಸರ್ಕಾರಿ ವೈದ್ಯಕೀಯ ಕಾಲೇಜು, ಜತ್ತದವರಿಗೆ ಮಿರಜದ್ದು ಅಥವಾ ವಿಜಯಪುರ ಹತ್ತಿರ.

ಕೂದಲು ಕಸಿಯ ಬಗ್ಗೆ ಚಿಕ್ಕದಾಗಿ ಹೇಳಬಹುದು. ಹಿಂದಲೆಯ ಬೇರುಗಳಿಗೆ ಡಿಎಚ್‌ಟಿ ನಾಟುವುದಿಲ್ಲವಾದ್ದರಿಂದ ಅವನ್ನು ಮುಂದೆ ನೆಡುತ್ತಾರೆ. ಅದು ವಂಶದ ಬಕ್ಕತಲೆಗೆ ಸರಿ. ಜ್ವರದ ನಂತರ ಉದುರುವುದಕ್ಕೂ ‘ಹುಳ ತಿಂದ’ ತೇಪೆಗೂ ಅಲ್ಲ. ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸೂಚಿಸಿದೆ.

ತಪ್ಪು ಗುರುತಿಸಿದರೆ ಏನಾಗುತ್ತದೆ

ಕೂದಲಿಗೆಂದು ಮಾರುವ ವಿಟಮಿನ್ ಮಾತ್ರೆಗಳನ್ನು ತಿರುಗಿಸಿ ಓದಿದರೆ ಹಲವದರಲ್ಲಿ ಸೆಲೆನಿಯಂ ಇದೆ. ಗೋಧಿಯಿಂದ ವಿಷವಾದವರು ಕೂದಲು ಬರಲೆಂದು ಅದೇ ಮಾತ್ರೆ ನುಂಗಿದರೆ ವಿಷದ ಮೇಲೆ ವಿಷ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಹೆಚ್ಚು ನುಂಗಿದವರ ಥೈರಾಯ್ಡ್ ಪರೀಕ್ಷೆ ತಪ್ಪು ಅಂಕಿ ತೋರಿಸಬಹುದು, ಹೃದಯಾಘಾತ ಪತ್ತೆಮಾಡುವ ಟ್ರೋಪೋನಿನ್ ಪರೀಕ್ಷೆ ಕೂಡ. ಹೊಟ್ಟಿನ ಶಾಂಪೂವಿನಲ್ಲಿರುವ ಸೆಲೆನಿಯಂ ಸಲ್ಫೈಡಿಗೆ ಹೆದರಬೇಕಿಲ್ಲ, ತೊಳೆದುಹಾಕುವ ಅದು ಮೈಯೊಳಗೆ ಅಷ್ಟಾಗಿ ಇಳಿಯುವುದಿಲ್ಲ.

ಇನ್ನು ಗೋಧಿ. ಭಯಕ್ಕೆ ರೇಶನ್ ಬಿಡುವುದರಿಂದ ನಷ್ಟ ಬಡವರಿಗೇ. ಮಂಗಳವೇಢೆಯ ಮಾಲದಂಡಿ ಜೋಳ ರುಚಿ ಹೌದು, ಆದರೆ ಕೊಂಡು ತಿನ್ನುವವರಿಗೆ ಅದು ಪುಕ್ಕಟೆ ಗೋಧಿಯಲ್ಲ. ಸರ್ಕಾರಿ ಖರೀದಿಯಲ್ಲಿ ತೇವಾಂಶ, ಕಸಕಡ್ಡಿ, ಮುರುಟಿದ ಕಾಳು, ಹಾಳಾದ ಕಾಳು ಇವನ್ನು ನೋಡುತ್ತಾರೆ. ಸೆಲೆನಿಯಂ ನೋಡುವ ರೂಢಿಯಿಲ್ಲ, ಕಣ್ಣಿಗೂ ನಾಲಿಗೆಗೂ ಅದು ಸಿಗುವುದಿಲ್ಲ. ಗೊತ್ತಿರುವ ಸೆಲೆನಿಯಂ ನೆಲದ ಗೋಧಿಯನ್ನು ಚೀಲ ಕಟ್ಟುವ ಮೊದಲೇ ಪರೀಕ್ಷಿಸಿ ಬೇರೆ ಇಡುವುದು ಅಸಾಧ್ಯದ ಕೆಲಸವೂ ಅಲ್ಲ. ಅದನ್ನು ಮಾಡದೆ ಜನರಿಗೆ ಗೋಧಿ ತೊಳೆದು ತಿನ್ನಿ ಎಂದರೆ ಪ್ರಯೋಜನವಿಲ್ಲ, 13.61 ಎಂಬ ಅಂಕಿ ಅದನ್ನು ಆಗಲೇ ಹೇಳಿದೆ.

ಒಂದೇ ಓಣಿಯಲ್ಲಿ ನಾಲ್ಕೈದು ಮನೆಯವರ ಕೂದಲು ಒಂದೇ ವಾರದಲ್ಲಿ ಕಿತ್ತು ಬಂದರೆ, ಜೊತೆಗೆ ವಾಂತಿ, ತಲೆನೋವು, ತುರಿಕೆ ಇದ್ದರೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಂದೇ ತಿಳಿಸಬೇಕು. ಸೆಲೆನಿಯಂಗೆ ಪ್ರತಿವಿಷವಿಲ್ಲ, ತಿನ್ನುವುದನ್ನು ನಿಲ್ಲಿಸುವುದೇ ಚಿಕಿತ್ಸೆ. ಬೇರು ಸತ್ತಿರುವುದಿಲ್ಲವಾದ್ದರಿಂದ ಕೂದಲು ಮರಳುತ್ತದೆ. ಆ ಗೋಧಿಯನ್ನು ದನಕ್ಕೂ ಹಾಕಬಾರದು, ತಿಪ್ಪೆಗೂ ಚೆಲ್ಲಬಾರದು. ಎರಡು ಹಿಡಿ ಕಾಳು ಒಣ ಡಬ್ಬಿಯಲ್ಲಿ ಹಾಕಿ, ತಂದ ತಾರೀಖು ಬರೆದು, ಉದುರಿದ ಕೂದಲನ್ನು ಕಾಗದದಲ್ಲಿ ಸುತ್ತಿ ಜೊತೆಗಿಡಬೇಕು. ರೇಶನ್ ಅಂಗಡಿಯಲ್ಲಿ ಖಾಲಿ ಚೀಲ ಸಿಕ್ಕರೆ ಅದರ ಮೇಲೆ ಅಚ್ಚಾದ ರಾಜ್ಯ ಮತ್ತು ಹಂಗಾಮಿನ ವರ್ಷವನ್ನು ಫೋಟೋ ತೆಗೆದುಕೊಳ್ಳಬೇಕು. ಶೇಗಾಂವದಲ್ಲಿ ಪಂಜಾಬಿನ ದಾರಿ ತೋರಿಸಿದ್ದು ಚೀಲದ ಮೇಲಿನ ಅಂಥ ಬರಹವೇ.